ಬೀರಪ್ಪ ಕಡಲು ದಾಟಿದ್ದು

ಗಡಹಿಂಗ್ಲಜದ ಸಂತೆಯಲ್ಲಿ ಕತ್ತೆಗಳ ಜೊತೆ ಇಟಲಿಯ ಭಾಷೆ ಆಡುತ್ತಿದ್ದ ಮನುಷ್ಯ ಒಬ್ಬನೇ ಇದ್ದ. ಉಪ್ಪಿನ ಚೀಲ ಹೊತ್ತ ಕತ್ತೆ ಸಂದಿಯಲ್ಲಿ ಹಟ ಹಿಡಿದು ನಿಂತು, ಹಿಂದಿನಿಂದ ಒಡೆಯ ಕೋಲು ಬೀಸುತ್ತಿದ್ದರೆ, ಬೀರಪ್ಪ ಮುಂದೆ ಬಂದು ಅದರ ಕಿವಿಯ ಬುಡದಲ್ಲಿ ಕೈಯಿಟ್ಟು "ಪಿಯಾನೋ, ಬೆಲ್ಲಾ, ಪಿಯಾನೋ" ಎನ್ನುತ್ತಿದ್ದ. ಮೆಲ್ಲಗೆ, ಚೆಲುವೆ, ಮೆಲ್ಲಗೆ ಎಂದು ಅದರ ಅರ್ಥವಂತೆ. ಕತ್ತೆಗೆ ಏನು ತಿಳಿಯುತ್ತಿತ್ತೋ, ತಲೆ ತಗ್ಗಿಸಿ ನಡೆದುಬಿಡುತ್ತಿತ್ತು.

"ಏನೋ ಬೀರ್ಯಾ, ಕತ್ತಿ ಜೋಡಿ ಲಗ್ನದ ಮಾತುಕತಿ ನಡಿಸಿಯೇನು?" ಎಂದು ಮೆಣಸಿನಕಾಯಿ ಮಾರುವ ಮುದುಕಿ ಕೂಗುವಳು.

"ಹೌದಬೇ ಆಯಿ. ನಿನ್ನ ಮಾಡ್ಕೋಬೇಕಂದ್ರ ನಿನಗ ಹಲ್ಲಿಲ್ಲ, ಇದಕ್ಕ ಅದಾವು."

ಈ ಮಾತುಗಳನ್ನು ಅವನು ಕಲಿತದ್ದು ಯುದ್ಧದಲ್ಲಿ. ಕುರಿ ಕಾಯುವ ಮನೆಯವನು ಹೇಸರಗತ್ತೆಗಳ ಪಲಟಣ ಸೇರಿ, ಇಟಲಿಯ ಗುಡ್ಡಗಳಲ್ಲಿ ಹಿಮ ತುಳಿಯುತ್ತ ಮದ್ದುಗುಂಡು, ರೊಟ್ಟಿ, ನೀರು ಹೇರಿಕೊಂಡು ಅಡ್ಡಾಡಿದವನು. ಹೇಸರಗತ್ತೆಗೆ ನಮ್ಮ ಕಡೆ ಖೇಚರ ಎನ್ನುತ್ತಾರೆ. "ಮೋಟಾರು ಸೋತು ನಿಂತಲ್ಲಿಂದ ನಮ್ಮ ಖೇಚರ ಸುರು ಆಗ್ತಿದ್ದುವ್ರಿ" ಎಂದು ಅವನು ಹೇಳುವಾಗ ಅದರಲ್ಲಿ ಜಂಬವಿರಲಿಲ್ಲ. ಅವುಗಳ ಪರವಾಗಿ ಹೇಳಿದ ಹಾಗಿರುತ್ತಿತ್ತು.

ನನಗೆ ಅವನ ಪರಿಚಯವಾದದ್ದು ಉಣ್ಣೆಯ ವ್ಯಾಪಾರದಿಂದ. ಹಾತಕಣಂಗಲೆಯ ಸ್ಟೇಷನ್ನಿನಿಂದ ನೂಲಿನ ಗಂಟನ್ನು ತಲೆಯ ಮೇಲೆ ಹೊತ್ತು ಇಚಲಕರಂಜಿಗೆ ಮುಟ್ಟಿಸುತ್ತಿದ್ದವನು ನಾನು. ಹಾಗೆ ಹೊತ್ತು ಹೊತ್ತೇ ಒಂದು ಅಂಗಡಿ ಹಾಕಿದವನು. ಆದ್ದರಿಂದ ಚೌಕಾಸಿಯಲ್ಲಿ ನನ್ನನ್ನು ಬಗ್ಗಿಸುವವರು ಕಡಿಮೆ. ಬೀರಪ್ಪ ಮಾತ್ರ ಚೌಕಾಸಿಯನ್ನೇ ಮಾಡುತ್ತಿರಲಿಲ್ಲ. ದರ ಒಂದು ಸಲ ಹೇಳಿ ಉಣ್ಣೆಯ ಗಂಟಿನ ಮೇಲೆ ಕೂತುಬಿಡುವನು.

"ಸಾವ್ಕಾರ್ರ, ನಾ ಹೇಳೂದು ಹೇಳೇನಿ. ನೀವು ಒದರೂದು ಒದರ್ರಿ, ಅಷ್ಟರಾಗ ನಾ ಒಂದ ಎಲಿ ಹಾಕ್ಕೋತೇನಿ."

ನಾನು ಒದರುತ್ತಿದ್ದೆ. ಅವನು ನಿಧಾನವಾಗಿ ಎಲೆಗೆ ಸುಣ್ಣ ಸವರುತ್ತಿದ್ದ. ಕೊನೆಗೆ ಅವನ ದರಕ್ಕೇ ಬರುತ್ತಿದ್ದೆ. ವ್ಯಾಪಾರ ಕಲಿಯುವವರಿಗೆ ಇದನ್ನು ಹೇಳಬೇಕು: ಮಾತಾಡುವವನನ್ನು ಗೆಲ್ಲಬಹುದು, ಸುಮ್ಮನೆ ಕೂತವನ ತಂಟೆಗೆ ಹೋಗಬೇಡಿ.

ಯುದ್ಧ ಮುಗಿದ ಮರುವರ್ಷ ಒಂದು ದಿನ ಅವನು ಇಚಲಕರಂಜಿಯ ನನ್ನ ಅಂಗಡಿಗೇ ನಡೆದುಕೊಂಡು ಬಂದ. ತಲೆಯ ಪಟಕಾದ ಮಡಿಕೆಯಿಂದ ಪಲಟಣದವರು ಬಿಡುಗಡೆಯ ದಿನ ಕೊಟ್ಟ ಪುಸ್ತಕ ತೆಗೆದು ಮುಂದಿಟ್ಟ.

"ಸಾವ್ಕಾರ್ರ, ಇದರಾಗ ನಾ ಎಲ್ಲಿದ್ದೆ ಅಂತ ಬರದಾರ, ಓದ್ರಿ."

ಓದಿದೆ. ಯುದ್ಧ ನಡೆದಷ್ಟು ಕಾಲವೂ ಅವನು ದೇಶದೊಳಗೇ, ಹೇಸರಗತ್ತೆಗಳನ್ನು ಪಳಗಿಸುವ ಠಾಣೆಯಲ್ಲಿ ಇದ್ದನೆಂದು ಬರೆದಿತ್ತು. ಹೊರದೇಶದ ಸೇವೆ ಎಂಬಲ್ಲಿ ಬರೀ ಒಂದು ಗೆರೆ.

"ಹಂಗಾರ ಕತ್ತಿಗಳ ಮುಂದ ಬರೇ ಬುರುಡಿ ಬಿಟ್ಟಿಯೇನೋ?" ಎಂದು ನಕ್ಕೆ.

ಅವನು ನಗಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತು, ನಡೆದದ್ದನ್ನು ಹೇಳಿದ.

ಅದನ್ನು ತಿಳಿಯಬೇಕಾದರೆ ಕುರಿಯವರ ಒಂದು ಪದ್ಧತಿ ಗೊತ್ತಿರಬೇಕು. ಬೇಸಗೆಯಲ್ಲಿ ರೈತರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸಿಕೊಳ್ಳುತ್ತಾರೆ. ಮಾತಾಡುವಾಗ ಒಬ್ಬನ ಹೆಸರು ಹೇಳಿರುತ್ತಾರೆ. ಆ ದಿನ ಅವನಿಗೆ ಮೈ ಸರಿಯಿಲ್ಲದಿದ್ದರೆ ಅವನ ಅಣ್ಣನೋ, ನೆರೆಯವನೋ ಹಿಂಡಿನ ಜೊತೆ ಬರುತ್ತಾನೆ. ಯಾರೂ ಕೇಳುವುದಿಲ್ಲ. ಹಿಂಡು ಬಂತು, ಹಿಂಡಿನ ಜೊತೆ ಆಳು ಬಂದ, ಮುಗಿಯಿತು. ಬೀರಪ್ಪ ಸರ್ಕಾರದ ಹಡಗನ್ನೂ ಒಂದು ಹೊಲ ಎಂದೇ ತಿಳಿದ.

ಮುಂಬಯಿಯ ಬಂದರಿನಲ್ಲಿ ಅವನ ಕೆಲಸ ಹೇಸರಗತ್ತೆಗಳನ್ನು ಹಡಗಿಗೆ ಹತ್ತಿಸಿ ಠಾಣೆಗೆ ಮರಳುವುದು ಮಾತ್ರ. ಹೋಗಬೇಕಾದವರಲ್ಲಿ ಮುರಗೂಡದ ಲಗಮಪ್ಪ ಎಂಬವನಿದ್ದ. ಅವನು ಜ್ವರ ಬಂದು ಚೀಲಗಳ ಮೇಲೆ ಬಿದ್ದಿದ್ದ. ಬೀರಪ್ಪನ ತಂಗಿ ಗಂಗವ್ವನ ಗಂಡ ಮಾಳಪ್ಪ ಆಗಲೇ ಹಡಗಿನಲ್ಲಿದ್ದ. ಮನೆಯಿಂದ ಇಬ್ಬರೂ ಹೊರಡುವಾಗ ಗಂಗವ್ವ ಅಣ್ಣನ ಕೈ ಹಿಡಿದು "ಅವರನ್ನ ಒಬ್ಬರನ್ನ ಬಿಡಬ್ಯಾಡ ಯಣ್ಣಾ" ಎಂದಿದ್ದಳು. ಲಗಮಪ್ಪನ ಹೆಸರು ಕೂಗಿದಾಗ ಬೀರಪ್ಪ ಓ ಎಂದ. ಕೊರಳಿನ ಹೆಸರಿನ ಬಿಲ್ಲೆ ಅದಲುಬದಲಾಯಿತು. ಬೀರಪ್ಪ ಲಗಮಪ್ಪನಾಗಿ ಕಡಲು ದಾಟಿದ. ಲಗಮಪ್ಪ ಬೀರಪ್ಪನಾಗಿ ಠಾಣೆಗೆ ಹೋಗಿ ಹುಲ್ಲು ಹಾಕಿದ. ಬಿಡುಗಡೆಯ ಹೊತ್ತಿಗೆ ಬಿಲ್ಲೆಗಳು ಮತ್ತೆ ತಮ್ಮ ತಮ್ಮ ಕೊರಳಿಗೆ ಮರಳಿದವು.

"ತಲಿ ಲೆಕ್ಕ ಸರಿ ಇದ್ರ ಆತು ಅಂತ ತಿಳದಿದ್ನಿರಿ" ಎಂದ.

ಮಾಳಪ್ಪ ಸತ್ತದ್ದು ಒಂದು ಗುಡ್ಡದ ಕಾಲುದಾರಿಯಲ್ಲಿ, ಗುಂಡು ಬಿದ್ದು. ಬೀರಪ್ಪನೇ ಅವನನ್ನು ದಾರಿಯ ಬದಿಗೆ ಹೊತ್ತು ತಂದ, ಕಲ್ಲು ಸರಿಸಿ ಮಣ್ಣು ಕೊಟ್ಟ, ಹವಾಲ್ದಾರನಿಗೆ ಹೇಳಿದ. ಬರೆದುಕೊಳ್ಳುವ ಮೊದಲೇ ಮರುದಿನ ಆ ಹವಾಲ್ದಾರನೂ ಸತ್ತ. ಹೀಗಾಗಿ ಊರಿಗೆ ಬಂದ ಸರ್ಕಾರದ ಕಾಗದದಲ್ಲಿ ಮಾಳಪ್ಪ ಸತ್ತನೆಂದು ಇರಲಿಲ್ಲ. ಪತ್ತೆಯಿಲ್ಲ ಎಂದಿತ್ತು.

"ನಾ ಕಣ್ಣೀಲೆ ನೋಡೇನಿ, ಕೈಲೆ ಮಣ್ಣ ಕೊಟ್ಟೇನಿ ಅಂದ್ರ ಕಚೇರಿಯವರು ನೀ ಅಲ್ಲಿ ಹೋಗೇ ಇಲ್ಲ ಅಂತಾರ್ರಿ. ನನ್ನ ತಂಗೀನೂ ಅದನ್ನ ಹಿಡದಾಳ. ಹೋಗದವ ಮಣ್ಣ ಹೆಂಗ ಕೊಟ್ಟಿ ಅಂತ ದಿನಾ ಜಗಳಾ. ನನ್ನ ಹೆಸರs ಈಗ ಸುಳ್ಳಾ ಅಂತ ಆಗೈತಿ."

"ಗಂಡ ಇನ್ನೂ ಅದಾನ ಅಂತ ನಂಬಿಕೊಂಡು ಇರಲಿ ಬಿಡೋ. ನಿನಗೇನು ಹೋಗತೈತಿ?"

"ಆಕಿ ಇನ್ನ ಸಣ್ಣಾಕಿ ಅದಾಳ್ರಿ. ಸತ್ತದ್ದು ಖರೆ ಅಂತಾದ್ರ ಉಡಿಕಿಯರ ಮಾಡಬಹುದು." ಉಡಿಕಿ ಎಂದರೆ ಅವರಲ್ಲಿ ಗಂಡ ಸತ್ತ ಹೆಣ್ಣಿಗೆ ಮಾಡುವ ಮರುಮದುವೆ. "ಬರೋವನ ದಾರಿ ಕಾದ್ರ ಒಂದ ಸಂಜೀಗಿ ಮುಗೀತೈತ್ರಿ. ಇದು ಮುಗ್ಯೂದs ಇಲ್ಲ."

ಅಂಥ ಮಾತು ಕೇಳಿದ ಮೇಲೆ ಸುಮ್ಮನೆ ಕೂಡ್ರುವವನು ನಾನಲ್ಲ. ಕೊಲ್ಲಾಪುರದ ಸೈನಿಕರ ಕಚೇರಿಗೆ ಅವನನ್ನು ಕರೆದೊಯ್ದೆ. ಕಚೇರಿಗೆ ಹೋಗುವವರು ನನ್ನಿಂದ ಇಷ್ಟು ಕಲಿತುಕೊಳ್ಳಿ. ಬಾಗಿಲು ತೆಗೆದ ಕೂಡಲೇ ನುಗ್ಗಬೇಡಿ, ಗುಮಾಸ್ತರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡ ಮೇಲೆ ಹೋಗಿ. ತಪ್ಪಾಗಿದೆ ಎನ್ನಬೇಡಿ, ಅದನ್ನು ಅವರು ತಮ್ಮ ಮೈಮೇಲೆ ಎಳೆದುಕೊಳ್ಳುತ್ತಾರೆ. ಒಂದು ಮಾತು ಕೂಡಿಸುವುದಿದೆ ಎನ್ನಿ.

ಮೊದಮೊದಲು ಈ ಉಪಾಯವೂ ನಡೆಯಲಿಲ್ಲ. ನಾವು ಹೊಸ್ತಿಲಲ್ಲಿ ಕಂಡರೆ ಸಾಕು, ಗುಮಾಸ್ತರು "ಕಾಯ್ ಶೇಟಜೀ, ಪುನ್ಹಾ ಆಲಾತ?" ಎಂದು ನಿಟ್ಟುಸಿರು ಬಿಡುತ್ತಿದ್ದರು. ಮತ್ತೆ ಬಂದಿದ್ದೆವು, ನಿಜ. ಬೀರಪ್ಪ ತನ್ನ ಇಟಲಿಯ ಮಾತುಗಳನ್ನೆಲ್ಲ ಅವರ ಮೇಜಿನ ಮುಂದೆ ಸುರಿದ. ಅವರು ಕೇಳಿ, ಕನ್ನಡಕ ಒರೆಸಿಕೊಂಡು, ಇಟಲಿಯ ಕೈದಿಗಳನ್ನು ನಮ್ಮ ದೇಶದಲ್ಲೇ ಇಟ್ಟಿದ್ದರಲ್ಲ, ಅವರಿಂದ ಕಲಿತಿರಬಹುದು ಎಂದರು. ಮನುಷ್ಯ ಕೆಟ್ಟವರಲ್ಲ, ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಲಗಮಪ್ಪ ಬಾಯಿ ಬಿಡದೆ ಕೆಲಸವಾಗದು ಎಂದು ಆವತ್ತೇ ನನಗೆ ಹೊಳೆಯಿತು.

ಮುರಗೂಡಕ್ಕೆ ಹೋದರೆ ಲಗಮಪ್ಪನನ್ನು ಹುಡುಕಬೇಕಾಗಲಿಲ್ಲ. ಚಹಾದ ಅಂಗಡಿಯ ಬಾಕಿನ ಮೇಲೆ ಕೂತು, ಸುತ್ತಲೂ ಜನ ಸೇರಿಸಿಕೊಂಡು, ಇಟಲಿಯ ಕೊಳ್ಳದಲ್ಲಿ ಹೇಸರಗತ್ತೆ ಉರುಳಿ ಬಿದ್ದ ಕಥೆ ಹೇಳುತ್ತಿದ್ದ. ಹಿಮ, ಹೊಗೆ, ಗಾಳಿಯ ಸದ್ದು, ಎಲ್ಲವೂ ಇತ್ತು. ಬಿಡುಗಡೆಯ ಹೊತ್ತಿಗೆ ಇಬ್ಬರೂ ಕೂಡಿದಾಗ ಬೀರಪ್ಪನೇ ಅವನಿಗೆ ಹೇಳಿದ ಕಥೆ. ಈಗ ಬೀರಪ್ಪ ಅದನ್ನು ಜನರ ಹಿಂದೆ ಕೂತು, ಗಲ್ಲಕ್ಕೆ ಕೈಯಿಟ್ಟು, ಬಾಯಿ ತೆರೆದು ಕೇಳಿದ. ಮುಗಿದ ಮೇಲೆ ಮೆಲ್ಲಗೆ, "ಅದು ಗಂಡಲ್ಲೋ ಲಗಮಾ, ಹೆಣ್ಣ ಖೇಚರ" ಎಂದ.

ಲಗಮಪ್ಪ ಕೈಯ ಚಹಾದ ಬಸಿ ಕೆಳಗಿಟ್ಟ. ನಮ್ಮನ್ನು ಅಲ್ಲಿಂದ ಎಬ್ಬಿಸಿ ಮನೆಗೆ ಕರೆದೊಯ್ದ. ಅಲ್ಲಿ ಗಂಗವ್ವನ ಸಂಗತಿಯನ್ನೂ ನಾವು ಬಂದ ಕೆಲಸವನ್ನೂ ಹೇಳಿದೆವು.

"ನನ್ನ ಕೈಗಿ ಬೇಡಿ ಬೀಳತಾವ್ರಿ ಸಾವ್ಕಾರ್ರ. ಊರಾಗ ನನ್ನ ಸಮುದ್ರ ದಾಟಿದಾಂವ ಅಂತಾರ."

"ನಿನ್ನ ಪುಸ್ತಕ ತಾ" ಎಂದೆ. ತಂದ. ಅದರಲ್ಲಿ ಇಟಲಿಯ ಆಸ್ಪತ್ರೆ, ಎಡ ಹೆಗಲಿಗೆ ಗುಂಡಿನ ಚೂರಿನ ಗಾಯ ಎಂದು ದಾಖಲಾಗಿತ್ತು. "ಅಂಗಿ ತಗಿ, ಗಾಯ ನೋಡೂಣು."

ಲಗಮಪ್ಪ ಅಂಗಿಯ ಕಸೆ ಬಿಗಿದುಕೊಂಡ.

"ತಿಳಕೋ. ನೀನಾಗೇ ಹೋಗಿ ಹೇಳಿದರ ನೀ ಜ್ವರ ಬಂದಾಂವ. ಅವರೇ ಹುಡಿಕ್ಕೊಂಡು ಬಂದರ ನೀ ಕಳ್ಳ. ಯಾವುದು ಅಗ್ಗ, ನೀನs ನೋಡು."

ಅವನು ಇನ್ನೂ ಲೆಕ್ಕ ಹಾಕುತ್ತಿದ್ದ. ಒಳಗಿನಿಂದ ಅವನ ಹೆಂಡತಿಯ ದನಿ ಬಂತು. "ಹೋಗಿ ಹೇಳಿ ಬರ್ರಿ. ನೀವು ಹೋಗಿದ್ರ ಆ ಕಲ್ಲಿನ ಬುಡಕ ನೀವು ಇರ್ತಿದ್ರಿ. ಆ ಗಂಗವ್ವನ ಜಾಗಾದಾಗ ನಾ ಇರ್ತಿದ್ದೆ."

ಅದರ ಮೇಲೆ ನನ್ನ ಚೌಕಾಸಿಗೆ ಕೆಲಸವಿರಲಿಲ್ಲ.

ಕೊಲ್ಲಾಪುರದ ಆ ಕಚೇರಿಯಲ್ಲಿ, ಗುಮಾಸ್ತರ ಮುಂದೆ ಇಬ್ಬರಿಗೂ ಅಂಗಿ ತೆಗೆಯಿರಿ ಎಂದೆ. ಲಗಮಪ್ಪನ ಹೆಗಲು ಬೆಣ್ಣೆ ತಿಕ್ಕಿದ ಹಾಗಿತ್ತು. ಬೀರಪ್ಪನ ಎಡ ಹೆಗಲ ಮೇಲೆ ಚರ್ಮ ಸುಟ್ಟ ರೊಟ್ಟಿಯಂತೆ ಮಡಿಚಿಕೊಂಡಿತ್ತು. ಗುಮಾಸ್ತರು ಪುಸ್ತಕವನ್ನೂ ಹೆಗಲುಗಳನ್ನೂ ಸರದಿಯಲ್ಲಿ ನೋಡಿ ಒಳಗೆ ಹೋಗಿ ಸಾಹೇಬರನ್ನು ಕರೆತಂದರು. ಸಾಹೇಬರು ಸ್ವತಃ ಹಳೆಯ ಸೈನಿಕರು. ಬೀರಪ್ಪನ ಗಾಯವನ್ನು ಬೆರಳಿನಿಂದ ಮುಟ್ಟಿ, ಕೂತು ಇಬ್ಬರ ಹೇಳಿಕೆಯನ್ನೂ ಬರೆಸಿದರು. ಬೇಡಿಯ ಮಾತೇ ಬರಲಿಲ್ಲ. ಹೊರಗೆ ಬಂದ ಮೇಲೆ ಲಗಮಪ್ಪ, "ಸಾವ್ಕಾರ್ರ, ಇನ್ನ ಚಹಾದಂಗಡ್ಯಾಗ ನಾ ಏನ ಹೇಳ್ಲಿ?" ಎಂದ. "ಅದನ್ನs ಹೇಳೋ, ನನಗಿಂತ ನೀನs ಛಲೋ ಹೇಳತಿ" ಎಂದು ಬೀರಪ್ಪ ಅವನ ಬೆನ್ನು ತಟ್ಟಿದ.

ತಿಂಗಳುಗಟ್ಟಲೆ ಕಾದ ಮೇಲೆ ನನ್ನ ಅಂಗಡಿಯ ವಿಳಾಸಕ್ಕೆ ಕಾಗದ ಬಂತು. ನಾನು ಹಿಗ್ಗಿದ್ದೆ. ಅಂದೇ ಗಡಹಿಂಗ್ಲಜದ ಮೋಟಾರು ಹತ್ತಿ, ಅಲ್ಲಿಂದ ಅವರ ಹಟ್ಟಿಗೆ ನಡೆದೆ. ನಾನು ಬೀರಪ್ಪನನ್ನು ನೋಡಿದ ಕೊನೆಯ ದಿನ ಅದೇ ಆಯಿತು. ಆ ಮಳೆಗಾಲದಲ್ಲಿ ಆಜರಾದ ಕಡೆ ಹೋದವನು ಅಲ್ಲಿ ಜ್ವರಕ್ಕೆ ಸಿಕ್ಕ, ತಿರುಗಿ ಬರಲಿಲ್ಲ. ಇಂದಿಗೂ ಸಂತೆಗೆ ಹೋದರೆ, ಉಣ್ಣೆಯ ಗಂಟಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುವ ಯಾರನ್ನು ಕಂಡರೂ ಕೇಳಿದ ದರಕ್ಕೇ ಕೊಂಡುಬಿಡುತ್ತೇನೆ. ಆದರೆ ಹೇಳಬೇಕಾದದ್ದು ಆ ಹಟ್ಟಿಯ ದಿನದ ಸಂಗತಿ.

ಕಾಗದ ಬಂದಿದೆ ಎಂದಾಗ ಬೀರಪ್ಪನ ಮುಖ ಅರಳಲಿಲ್ಲ. "ಇಲ್ಲಿ ಓದಬ್ಯಾಡ್ರಿ. ಆಕೀ ಮುಂದ ಓದ್ರಿ" ಎಂದ.

ಗಂಗವ್ವ ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದಳು. ಹಣೆಯ ತುಂಬ ಕುಂಕುಮ. ಪಕ್ಕದ ಬೇಲಿಯ ಮೇಲೆ ಗಂಡಸರು ಹೊದೆಯುವ ಕಂಬಳಿಯೊಂದನ್ನು ಬಿಸಿಲಿಗೆ ಹರವಿದ್ದಳು. ಅದು ಯಾರದೆಂದು ನಾನು ಕೇಳಲಿಲ್ಲ. ಕಾಗದವನ್ನು ಕನ್ನಡಕ್ಕೆ ತಂದು ಹೇಳಿದೆ: ಬೀರಪ್ಪ ಕಡಲು ದಾಟಿ ಇಟಲಿಯಲ್ಲಿ ಸೇವೆ ಮಾಡಿದ್ದು ನಿಜ, ಅವನ ಪುಸ್ತಕ ತಿದ್ದಲಾಗಿದೆ, ಅವನ ಸಾಕ್ಷಿಯ ಮೇಲೆ ಮಾಳಪ್ಪ ಸತ್ತನೆಂದು ಸರ್ಕಾರ ಒಪ್ಪಿದೆ.

"ಮತ್ತೊಮ್ಮಿ ಓದ್ರಿ" ಎಂದಳು.

ಓದಿದೆ. ಅವಳ ಕೈ ನಿಂತಿತು.

"ಹಂಗಾರ ನೀ ಹೋಗಿದ್ದಿ."

"ಹೌದವಾ" ಎಂದ ಬೀರಪ್ಪ.

"ಇಷ್ಟ ದಿನಾ ನಿನ್ನ ಜೋಡಿ ಜಗಳಾಡಿ ಅವರನ್ನ ಉಳಿಸ್ಕೊಂಡಿದ್ದೆ ಯಣ್ಣಾ. ಇನ್ನ ಯಾರ ಜೋಡಿ ಜಗಳಾಡ್ಲಿ?"

ಅವಳು ಅಳಲಿಲ್ಲ. ಅಣ್ಣ ಊರಿಗೆ ಬಂದಾಗಿನಿಂದ ಒಂದು ಸಲವೂ ಕೇಳದೆ ಬಿಟ್ಟದ್ದನ್ನೆಲ್ಲ ಈಗ ಕೇಳತೊಡಗಿದಳು.

"ನೀರ ಕುಡಿಸಿದ್ದೇನು?"

"ಕುಡಿಸಿದೆ. ಒಂದ ಗುಟುಕ ಕುಡದ."

"ಏನರ ಅಂದ್ರೇನು?"

"ಖೇಚರಗೋಳಿಗಿ ನೀರ ಆತೇನು ಅಂದ."

"ಮ್ಯಾಲ ಏನ ಹೊಚ್ಚಿದಿ?"

"ನನ್ನ ಕಂಬಳಿ."

"ತಲಿ ಯಾವ ದಿಕ್ಕಿಗಿ ಇಟ್ಟಿ?"

ಬೀರಪ್ಪ ತಲೆ ಎತ್ತಿ ಆಕಾಶ ನೋಡಿದ.

"ಗೊತ್ತಾಗ್ಲಿಲ್ಲ ತಂಗಿ. ಮುಗಲ ತುಂಬ ಮೋಡ, ಹಿಮ ಬೀಳಾಕತ್ತಿತ್ತು. ಹೊತ್ತು ಎತ್ತ ಮೂಡತೈತಿ ಅಂತ ಭಾಳ ನೋಡಿದೆ. ನಮ್ಮ ಊರ ಯಾ ಕಡೆ ಐತಿ ಅಂತ ಗೊತ್ತಾಗ್ಲಿಲ್ಲ."

ಉಡಿಕಿಯ ಮಾತು, ಮುಂದೆ ಕಚೇರಿಯಲ್ಲಿ ಮಾಡಬೇಕಾದ ಕೆಲಸ, ಎಲ್ಲವನ್ನೂ ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಕಾಗದವನ್ನು ಮಡಚಿ ಅವಳ ಉಣ್ಣೆಯ ಪಕ್ಕದಲ್ಲಿಟ್ಟೆ.

ಗಂಗವ್ವ ಎದ್ದಳು. ಉಣ್ಣೆಯ ಎಳೆ ಹತ್ತಿದ ಕೈಯಲ್ಲೇ ಅಣ್ಣನ ಮುಖ ಒರೆಸಿದಳು.

"ಇರಲಿ ಯಣ್ಣಾ" ಎಂದಳು. "ಅವರ ಬಾಜೂಕ ನೀ ಇದ್ದಿ."