ವಕೀಲರ ಕಾರಿನ ಮೇಲೆ ಬಿದ್ದ ಚರಗ

ಎಳ್ಳಮಾವಾಸ್ಯೆಯ ದಿನ ನನ್ನ ಮೊಮ್ಮಗಳು ಬೀಸಿ ಚೆಲ್ಲಿದ ಕಡುಬು-ಪಲ್ಲೆ ಎದುರುಮನೆ ವಕೀಲರ ಬಿಳಿ ಕಾರಿನ ಮೇಲೆ ಪಚಕ್ಕನೆ ಬಿತ್ತು. ಆಗತಾನೇ ತೊಳೆದು ನಿಲ್ಲಿಸಿದ್ದ ಕಾರು.

ಗೋಕಾಕದ ಅಂಚಿನ ನಮ್ಮ ಬಡಾವಣೆಯಲ್ಲಿ ಈಗ ಇರುವುದೆಲ್ಲ ಉಳ್ಳವರ ಮನೆಗಳು. ಮೊದಲು ಇದು ನಮ್ಮ ಜೋಳದ ಹೊಲವಾಗಿತ್ತು. ಹೊಲ ಪ್ಲಾಟಾದ ಮೇಲೆ, ಅದರ ಒಂದು ಮೂಲೆಯಲ್ಲೇ ನಾವು ಮನೆ ಕಟ್ಟಿಕೊಂಡರೂ, ಬೆಳೆಯ ನಡುವೆ ಅಡಿಗೆ ಚೆಲ್ಲಿ ಭೂಮಿತಾಯಿಗೆ ಉಣಿಸುವ ಚರಗ ಮಾತ್ರ ನಿಂತುಹೋಗಿತ್ತು. ಅದರ ಕಥೆ ಕೇಳಿದ್ದ ಮೊಮ್ಮಗಳು ಈ ಸಲ ಹಟ ಹಿಡಿದು ಬುಟ್ಟಿ ಹೊತ್ತಿದ್ದಳು.

ವಕೀಲರು ಗೇಟು ತೆಗೆದು ಬಂದರು. "ಯಾಕವಾ, ರಸ್ತಾದಾಗ ಊಟ ಚೆಲ್ಲಾಕತ್ತಿ?"

"ಇದು ರಸ್ತಾ ಅಲ್ರಿ ಕಾಕಾ, ನಮ್ಮ ಆಯಿ ಹೊಲ. ನೀವ ಬೆಳಿಯಾಗ ಕಾರ್ ನಿಲ್ಲಿಸೀರಿ!"

ನಾಚಿಕೆಯಿಂದ ನಾನು ಸೆರಗಿನಿಂದಲೇ ಕಾರು ಒರೆಸಲು ಓಡಿದೆ. ವಕೀಲರು ನಗುತ್ತ ತಡೆದರು.

"ಇರಲಿ ಬಿಡ್ರಿ ಆಯಿ. ನಮ್ಮೂರು ಮೇಲವಂಕ್ಯಾಗ ನಮ್ಮವ್ವನೂ ಚರಗಾ ಚೆಲ್ಲತಿದ್ಲು. ನಮ್ಮ ಅಂಗಳ ಏನ್ ಪಾಪಾ ಮಾಡೇತ್ರಿ? ಅಲ್ಲೂ ಒಂದೀಟು ಚೆಲ್ರಿ."

ಅಷ್ಟು ಸಾಕಾಯಿತು. ಮೊಮ್ಮಗಳು ಗೇಟು ಗೇಟಿಗೂ ನಿಂತು 'ಚರಗಾ ಬಂತ್ರಿ' ಎಂದು ಕೂಗುತ್ತ ಚೆಲ್ಲಿದಳು. ನೋಡಲು ಹೊರಬಂದವರು ಒಳಗೆ ಹೋಗಿ ತಮ್ಮ ತಮ್ಮ ಬುತ್ತಿ ತಂದರು. ಮಧ್ಯಾಹ್ನ ವಕೀಲರ ಅಂಗಳದಲ್ಲಿ ಎಲ್ಲರೂ ಚಾಪೆ ಹಾಸಿ, ಹೊಲದಲ್ಲಿ ಕೂತಂತೆಯೇ ಕೂತು, ಸಜ್ಜೆ ರೊಟ್ಟಿ ಉಂಡೆವು.

ಎರಡನೇ ಇಯತ್ತೆಯವರೆಗಷ್ಟೇ ಶಾಲೆ ಕಲಿತ ನನಗೆ ಈ ಸಂತೋಷವನ್ನು ಸರಿಯಾಗಿ ಬರೆಯಲು ಬರುವುದಿಲ್ಲ. ಹೊಲ ಹೋಯಿತೆಂದು ಇಷ್ಟು ವರ್ಷ ಮರುಗಿದ್ದೆ. ವಕೀಲರು ಅಂದು ಸಂಜೆಯವರೆಗೂ ಕಾರು ಒರೆಸಲಿಲ್ಲ. ಗುಬ್ಬಿಗಳು ಅದರ ಮೇಲೆ ಕೂತು ಕಡುಬು ತಿಂದು ಹೋದವು.