ಹೇರ್ಳೆಯವರ ಕಡೇ ಸಾಲು

ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ ತಕರಾರನ್ನು, ಕನ್ನಡಕ ಒರೆಸಿಕೊಂಡು, ಕೈಕಟ್ಟಿ ನಿಂತು, ಮೊದಲ ಅಕ್ಷರದಿಂದ ಪೂರ್ಣವಿರಾಮದವರೆಗೆ ಗಟ್ಟಿಯಾಗಿ ಓದುವ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಮಾಧವ ಹೇರ್ಳೆ. ಎಂಜಿನಿಯರಲ್ಲ, ಯಾವ ಕಂಪ್ಯೂಟರ್ ಕ್ಲಾಸಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಅವರ ಭಾವನ ಉಡುಪಿ ಹೋಟೆಲಿತ್ತು. ಅದರ ಕ್ಯಾಶ್ ಕೌಂಟರಿನಲ್ಲಿ, ಸೋಂಪಿನ ತಟ್ಟೆಗೂ ಊದುಬತ್ತಿಗೂ ನಡುವೆ, ದೇವರ ಪಟದಷ್ಟೇ ನಿಶ್ಚಲವಾಗಿ ಕೂತಿರುತ್ತಿದ್ದರು. ಮಧ್ಯಾಹ್ನದ ಊಟ ಮುಗಿದು ಸಂಜೆಯ ದೋಸೆ ಕಲ್ಲು ಕಾಯುವವರೆಗೆ, ಅಂದರೆ ಮೂರರಿಂದ ಐದರವರೆಗೆ, ಅವರು ಪಕ್ಕದ ಜಿತುಭಾಯಿಯ ಫೋಟೋ ಸ್ಟುಡಿಯೋದಲ್ಲಿ ವೈದ್ಯರಾಗಿರುತ್ತಿದ್ದರು. ರೋಗಿ ಕಂಪ್ಯೂಟರು.

ನನ್ನ ಅರ್ಹತೆಯನ್ನೂ ಹೇಳಿಬಿಡುವುದು ಒಳ್ಳೆಯದು. ನಾನು ಮೈಸೂರು ಕಡೆಯವನು. ಕೇಂದ್ರ ಸರಕಾರದ ಒಂದು ಸಂಶೋಧನಾ ಸಂಸ್ಥೆಯ ಆಡಳಿತ ವಿಭಾಗದಲ್ಲಿದ್ದೆ. ನನ್ನ ಪಾಲಿಗೆ ಫೈಲು ಎಂದರೆ ಕೆಂಪು ದಾರದಲ್ಲಿ ಕಟ್ಟಿದ್ದು. ‘ಫೈಲು ತೆರೆಯುತ್ತಿಲ್ಲ’ ಎಂದು ಜಿತುಭಾಯಿ ಮೊದಲ ಸಲ ಗೋಳಾಡಿದಾಗ, ಗಂಟು ಬಿಗಿಯಾಗಿರಬೇಕು, ಸ್ವಲ್ಪ ನೀರು ಮುಟ್ಟಿಸಿ ನೋಡಿ ಎಂದು ಸಲಹೆ ಕೊಡುವುದರಲ್ಲಿದ್ದೆ. ತೊಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಪದಾಧಿಕಾರಿಗಳ ಫೋಟೋ ಸಿದ್ಧಪಡಿಸುವ ಭಾರ ನನ್ನ ತಲೆಗೆ ಬಿದ್ದಿತ್ತು. ಕೂದಲಿಲ್ಲದವರು ಕೂದಲು ಕೇಳುತ್ತಿದ್ದರು. ಹಾಗಾಗಿ ಸ್ಟುಡಿಯೋಕ್ಕೆ ಓಡಾಟ.

ಜಿತುಭಾಯಿ ಒಳ್ಳೆಯ ಕಲಾವಿದ. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಮೊಡವೆ ಅಳಿಸುತ್ತಿದ್ದ ಕೈ ಈಗ ಮೌಸ್ ಹಿಡಿದಿತ್ತು. ಅವನಿಗಿದ್ದ ದೋಷ ಒಂದೇ. ಯಂತ್ರ ಏನೇ ಕೇಳಲಿ, ಓದದೆ ಹೌದು ಅನ್ನುವುದು. ಗಿರಾಕಿಗೆ ಇಲ್ಲ ಅನ್ನಬಾರದೆಂದು ಅವನ ಅಪ್ಪ ಕಲಿಸಿದ್ದನಂತೆ. ಅದನ್ನು ಅವನು ಕಂಪ್ಯೂಟರಿಗೂ ವಿಸ್ತರಿಸಿದ್ದ. ಪರದೆಯ ಮೇಲೆ ಚೌಕವೊಂದು ಹಾರಿ ಬಂದರೆ ಸಾಕು, ಸೊಳ್ಳೆ ಹೊಡೆದ ಹಾಗೆ ಓಕೆ ಒತ್ತಿಬಿಡುತ್ತಿದ್ದ. ಆಮೇಲೆ ಗೋಡೆಯಾಚೆಗೆ ಕೇಳುವ ಹಾಗೆ, “ಅನ್ನಾ, ಗಯು!” ಎಂದು ಕೂಗು. ಅನ್ನಾ ಎಂದರೆ ನಮ್ಮ ಅಣ್ಣ, ಗಯು ಎಂದರೆ ಹೋಯಿತು. ಹೇರ್ಳೆಯವರು ಪಂಚೆ ಸರಿಮಾಡಿಕೊಂಡು ಬರುತ್ತಿದ್ದರು.

ಬಂದವರು ಏನನ್ನೂ ಮುಟ್ಟುತ್ತಿರಲಿಲ್ಲ. ಅದೇ ತಪ್ಪನ್ನು ಇನ್ನೊಮ್ಮೆ ಮಾಡಲು ಹೇಳುತ್ತಿದ್ದರು. ಚೌಕ ಮತ್ತೆ ಬಂದಾಗ ಜಿತುಭಾಯಿಯ ಕೈಯನ್ನು ಮೌಸಿನಿಂದ ಎತ್ತಿ ಅವನ ತೊಡೆಯ ಮೇಲಿಟ್ಟು, ಓದಲು ಶುರುಮಾಡುತ್ತಿದ್ದರು. ಇಂಗ್ಲಿಷನ್ನು ಅವರು ಕಲಿತದ್ದು ನರೋಡಾದಲ್ಲಿ, ಒಂದು ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದಾಗ, ರಾಸಾಯನಿಕದ ಡ್ರಮ್ಮುಗಳ ಮೇಲಿನ ಎಚ್ಚರಿಕೆ ಓದಿ ಓದಿ. ಆದ್ದರಿಂದ ಅವರ ಓದಿನಲ್ಲಿ ಒಂದು ಜಾಗ್ರತೆಯಿತ್ತು. ಪ್ರತಿ ಪದವೂ ಸಿಡಿಯಬಹುದೆಂಬ ಹಾಗೆ. ‘ಕುಡ್ ನಾಟ್ ಸೇವ್’ ಎಂಬಲ್ಲಿಗೆ ಜಗತ್ತು ನಿಲ್ಲಿಸುತ್ತಿತ್ತು. ಹೇರ್ಳೆಯವರು ‘ಬಿಕಾಸ್’ಗೆ ಕಾಯುತ್ತಿದ್ದರು.

“ಬೈದದ್ದ್ ಮಾತ್ರ ಕೇಂಡ್ರೆ ಆತಿಲ್ಲ ಮಾರಾಯ್ರೆ, ಎಂತಕ್ಕೆ ಬೈದದ್ದ್ ಅಂತ ಕೇಣ್ಕ್. ಅದು ಯಾವಾಗ್ಲೂ ಕಡೇ ಸಾಲಿನಂಗೆ ಇರತ್ತ್. ಓದಿ ಕಾಣಿ,” ಎಂದು ನನಗೆ ತಮ್ಮ ಕೋಟದ ಕನ್ನಡದಲ್ಲಿ ವಿವರಿಸಿದ್ದರು.

ಕಡೇ ಸಾಲಿನಲ್ಲಿ ಕಾರಣ ಸಿಗುತ್ತಿತ್ತು. ಫ್ಲಾಪಿಯ ಮೂಲೆಯ ಪುಟ್ಟ ಬೀಗವನ್ನು ಜಿತುಭಾಯಿಯೇ ಸರಿಸಿರುತ್ತಿದ್ದ. ಮನೆಗೆ ಚಿಲಕ ಹಾಕುವ ಜಾಗರೂಕ ಮನುಷ್ಯ ಫ್ಲಾಪಿಯನ್ನೇಕೆ ಬಿಟ್ಟಾನು? ಸೀಡಿಯಿಂದ ಇಳಿಸಿಕೊಂಡ ಚಿತ್ರ ತೆರೆಯುತ್ತಿತ್ತು, ಆದರೆ ತಿದ್ದಿ ಉಳಿಸಲು ಬಿಡುತ್ತಿರಲಿಲ್ಲ. ‘ಓದಲು ಮಾತ್ರ’ ಎಂಬ ಗುರುತು ಸೀಡಿಯ ಜೊತೆಗೇ ಇಳಿದುಬಂದಿರುತ್ತಿತ್ತು. ಹೇರ್ಳೆಯವರು ಆ ಗುರುತು ತೆಗೆಸಿ, ಎಲೆ ಎತ್ತಿದಷ್ಟು ಸಹಜವಾಗಿ ಹೋಟೆಲಿಗೆ ಮರಳುತ್ತಿದ್ದರು. ದಕ್ಷಿಣೆ ಇಲ್ಲ.

ಅವರ ಕೀರ್ತಿ ಶಿಖರ ಮುಟ್ಟಿದ್ದು ಚಿಮನ್‌ಭಾಯಿ ಪ್ರಕರಣದಲ್ಲಿ. ಗುಜರಾತಿಗಳಲ್ಲಿ ಸಾವಾದ ಮನೆಯವರು ಒಂದು ದಿನ, ಗೊತ್ತುಮಾಡಿದ ಹೊತ್ತಿಗೆ, ತೀರಿಕೊಂಡವರ ಫೋಟೋ ಇಟ್ಟು ಕೂರುತ್ತಾರೆ. ಬಂಧುಮಿತ್ರರು ಬಂದು ಹೂವಿಟ್ಟು ಹೋಗುತ್ತಾರೆ. ಬೇಸಣು ಎಂದು ಹೆಸರು. ಸತ್ತವನಿಗೆ ಅವಸರವಿಲ್ಲ, ಬೇಸಣುವಿನ ಫೋಟೋಕ್ಕೆ ಇದೆ. ಅಂದು ಜಿತುಭಾಯಿ ಚಿಮನ್‌ಭಾಯಿಯ ಮಕ್ಕಳನ್ನು ಕೂರಿಸಿ ಫೈಲು ತೆರೆದ. ಪರದೆಯ ಮೇಲೆ ಬಂದದ್ದು ಸೆರಗು ಹೊದ್ದ ಅಜ್ಜಿಯೊಬ್ಬರು. ಮಕ್ಕಳು ಅಜ್ಜಿಗೂ ಕೈಮುಗಿದರು, ಸಭ್ಯರು. ಆದರೆ ಅಪ್ಪ ಎಲ್ಲಿ ಎಂದು ಕೇಳಿದರು.

ಹೇರ್ಳೆಯವರು ವಿಚಾರಣೆ ನಡೆಸಿದರು. ಜಿತುಭಾಯಿ ಎಲ್ಲ ಫೈಲಿಗೂ ‘ಸ್ವರ್ಗೀಯ’ ಎಂದೇ ಶುರುಮಾಡಿ ಹೆಸರಿಡುತ್ತಿದ್ದ. ಆ ಕಾಲದ ಯಂತ್ರ ಹೆಸರಿನ ಮೊದಲ ಎಂಟು ಅಕ್ಷರ ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ಕತ್ತರಿಸುತ್ತಿತ್ತು. ಇಂಗ್ಲಿಷಿನಲ್ಲಿ ‘ಸ್ವರ್ಗೀಯ’ಕ್ಕೇ ಎಂಟು ಮುಗಿಯುತ್ತದೆ. ‘ಈ ಹೆಸರಿನದು ಆಗಲೇ ಇದೆ, ಅದನ್ನು ತೆಗೆದು ಇದನ್ನಿಡಲೇ?’ ಎಂದು ಅದು ಪ್ರತಿ ಸಲ ಕೇಳಿತ್ತು. ಜಿತುಭಾಯಿ ಪ್ರತಿ ಸಲ ಹೌದು ಅಂದಿದ್ದ. ಹೀಗೆ ಆ ಪ್ರದೇಶದ ಗತಿಸಿದವರೆಲ್ಲ ಒಂದೇ ಕುರ್ಚಿಯಲ್ಲಿ ಒಬ್ಬರನ್ನೊಬ್ಬರು ಎಬ್ಬಿಸಿ ಕೂತಿದ್ದರು. ಮೂಲ ಫೋಟೋ ಇದ್ದದ್ದರಿಂದ ಚಿಮನ್‌ಭಾಯಿ ಹೊತ್ತಿಗೆ ಸರಿಯಾಗಿ ತಮ್ಮ ಬೇಸಣುವಿಗೆ ಹಾಜರಾದರು. ಮುಂದೆ ಮನೆತನದ ಹೆಸರು ಮೊದಲು ಹಾಕಲು ತೀರ್ಮಾನವಾಯಿತು. ವಾರದಲ್ಲಿ ಎಲ್ಲರೂ ಪಟೇಲರಾದರು. ಕೊನೆಗೆ ಹೇರ್ಳೆಯವರು ಹೋಟೆಲಿನ ಟೇಬಲ್ಲಿನ ಹಾಗೆ ನಂಬರು ಕೊಡಿಸಿದರು.

ಈ ಕಡೇ ಸಾಲಿನ ವ್ರತ ಎಲ್ಲಿಂದ ಬಂತೆಂದು ಒಮ್ಮೆ ಚಹಾ ಕುಡಿಯುತ್ತ ಕೇಳಿದೆ. ಹೇಳುವುದಕ್ಕೆ ಮೊದಲು ಅವರು ಲೋಟವನ್ನು ಮೂರು ಸಲ ತಿರುಗಿಸಿದರು.

ಇಪ್ಪತ್ತರ ಹರೆಯದಲ್ಲಿ ಅವರು ಸೂರತ್ತಿನ ಪಾಂಡೇಸರಾದಲ್ಲಿ, ಬಟ್ಟೆ ಗಿರಣಿಗಳ ನಡುವಿನ ಒಂದು ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದರು. ಓದು ಬಾರದ ಜೊತೆಗಾರರಿಗೆ ಊರಿನ ಕಾಗದ ಓದಿ ಹೇಳುವ ಕೆಲಸವೂ ಅವರದೇ. ಒಂದು ದಿನ ಅವರಿಗೇ ಅಣ್ಣನ ಕಾಗದ ಬಂತು. ‘ಇತ್ತ ಎಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರುವುದು’ ಎಂಬಷ್ಟು ಓದುವ ಹೊತ್ತಿಗೆ ಗಿರಣಿಯ ಪಾಳಿ ಬಿಟ್ಟು ಜನ ನುಗ್ಗಿತು. ಕ್ಷೇಮವಷ್ಟೇ ಎಂದು ಅಂಗಿಯ ಕಿಸೆಗೆ ಸೇರಿಸಿದರು. ಅಂಗಿ ಮೊಳೆಗೆ ಹೋಯಿತು. ಮೂರನೆಯ ದಿನ ಒಗೆಯಲು ತೆಗೆದಾಗ ಉಳಿದದ್ದನ್ನು ಓದಿದರು. ನಮ್ಮ ಕಡೆಯ ಕಾಗದಗಳಲ್ಲಿ ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲ ಸಾಲಿನಲ್ಲಿ ಕ್ಷೇಮ. ಮಳೆ, ಬೆಳೆ, ದನ ಕರು ಎಲ್ಲ ಮುಗಿದ ಮೇಲೆ ವಿಷಯ. ಕಡೇ ಸಾಲಿನಲ್ಲಿ ಅಣ್ಣ ಬರೆದಿದ್ದ: ಅಮ್ಮನಿಗೆ ಸೌಖ್ಯವಿಲ್ಲ, ನಿನ್ನನ್ನೇ ಕೇಳುತ್ತಿದ್ದಾಳೆ, ಕೂಡಲೇ ಹೊರಟು ಬರುವುದು.

ಅವರು ಊರು ಮುಟ್ಟಿದಾಗ ಅಮ್ಮ ಹೋಗಿ ಮೂರು ದಿನವಾಗಿತ್ತು.

“ಆ ಮೂರು ದಿನ ನನ್ನ ಕಿಸೆಯೊಳ್ಗೆ ಇತ್ತ್, ಮಾರಾಯ್ರೆ,” ಎಂದರು. ಆಮೇಲೆ ಚಹಾ ಆರಿದೆಯೆಂದು ಒಳಗೆ ಕೂಗಿ ಹೇಳಿದರು.

ಅಮ್ಮನದೊಂದು ಫೋಟೋ ಕೂಡ ಅವರಲ್ಲಿರಲಿಲ್ಲ. ನನಗೆ ಇದನ್ನು ಹೇಳಿ ಎರಡು ವರ್ಷ ಕಳೆದ ಮೇಲೆ ಅವರ ಅಣ್ಣನ ಮಗಳಿಗೆ ಪೆಟ್ಟಿಗೆಯಲ್ಲಿ ಯಾವುದೋ ಮದುವೆಯ ಗುಂಪುಚಿತ್ರ ಸಿಕ್ಕಿತು. ಹುಳ ತಿಂದು ಉಳಿದದ್ದನ್ನು ಅಂಚೆಯಲ್ಲಿ ಕಳಿಸಿದಳು. ಅಂಚಿನಲ್ಲಿ ಅಮ್ಮ ನಿಂತಿದ್ದರು, ಅರ್ಧ ಮುಖ ಯಾರದೋ ಮುಂಡಾಸಿನ ಹಿಂದೆ. ಹೇರ್ಳೆಯವರು ಅದನ್ನು ಜಿತುಭಾಯಿಗೆ ತೋರಿಸಿದ್ದು ಏನೂ ಕೇಳಲಿಕ್ಕಲ್ಲ, ಸುಮ್ಮನೆ. ಜಿತುಭಾಯಿ ಫೋಟೋವನ್ನು ಕಸಿದುಕೊಂಡ. ಒಂದು ವಾರ ಆ ಮುಂಡಾಸನ್ನು ಬಿಚ್ಚಿದ. ಕಾಣುವ ಅರ್ಧವನ್ನು ಮಗುಚಿ ಕಾಣದ ಅರ್ಧಕ್ಕೆ ಕೂಡಿಸಿದಾಗ ಅಮ್ಮನಿಗೆ ಎರಡು ಮೂಗುತಿ ಬಂತು. ಹಳೇ ಕಾಲದವರು ನೆಗೆಟಿವ್ ತಿರುವುಮುರುವಾಗಿ ಅಚ್ಚುಹಾಕಿರುವುದೂ ಉಂಟು, ಯಾವುದನ್ನು ತೆಗೆಯಲಿ ಎಂದು ಕೇಳಿದ. ಹೇರ್ಳೆಯವರು ಕಣ್ಣು ಮುಚ್ಚಿದರು. ಅಮ್ಮ ಒಲೆ ಊದುವಾಗ ತಾವು ಎಲ್ಲಿ ಕೂರುತ್ತಿದ್ದೆವು, ಬೆಂಕಿಗೆ ಯಾವ ಹೊಳ್ಳೆಯ ಹರಳು ಮಿನುಗುತ್ತಿತ್ತು ಎಂದು ಲೆಕ್ಕಹಾಕಿ, ಬಲದ್ದು ಇರಲಿ ಎಂದರು.

ಒಂದು ಮಧ್ಯಾಹ್ನ ನಾನು ಹೋಟೆಲಿನಲ್ಲಿದ್ದಾಗ ಗೋಡೆಯಾಚೆಯಿಂದ ಕೂಗು ಬಂತು. ಅದರಲ್ಲಿ ‘ಗಯು’ ಇರಲಿಲ್ಲ, ಬರೀ ‘ಅನ್ನಾ’. ಇಬ್ಬರೂ ಓಡಿದೆವು. ಪರದೆಯ ಮೇಲೆ ಇಡೀ ಮುಖವಿತ್ತು. ಅದರ ಮೇಲೆ ಚೌಕವೂ ಇತ್ತು. ಬೆಳಿಗ್ಗೆಯಿಂದ ಕೂತು ಮುಖ ಮುಗಿಸುವ ಹುಮ್ಮಸ್ಸಿನಲ್ಲಿ ಜಿತುಭಾಯಿ ಒಮ್ಮೆಯೂ ಉಳಿಸಿರಲಿಲ್ಲ. ಈಗ ಉಳಿಸಹೋದರೆ ಯಂತ್ರ ಒಲ್ಲೆನೆನ್ನುತ್ತಿತ್ತು. ಕೈಯನ್ನು ಮಾತ್ರ ತಾನೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಹೇರ್ಳೆಯವರು ಕನ್ನಡಕ ಒರೆಸಿದರು. ಮತ್ತೊಮ್ಮೆ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಓದಿ ರಾಯರೆ. ಕಡೆ ತನಕ,” ಎಂದರು.

ಓದಿದೆ. ಉಳಿಸಲಾಗದು, ಏಕೆಂದರೆ ಡಿಸ್ಕ್ ತುಂಬಿದೆ.

ಜಿತುಭಾಯಿ ಹಳೆಯ ಬೇಸಣು ಫೋಟೋಗಳನ್ನು ಅಳಿಸಿ ಜಾಗ ಮಾಡುತ್ತೇನೆಂದ. ತಿದ್ದಿ ಮುಗಿಸಿದ ಆ ರೂಪದಲ್ಲಿ ಅವು ಬೇರೆಲ್ಲೂ ಇರಲಿಲ್ಲ. ಹೇರ್ಳೆಯವರು ಬೇಡವೆಂದರು. ಅದರಲ್ಲಿ ಯಾರ್ಯಾರ ಅಮ್ಮಂದಿರಿದ್ದಾರೋ, ತಮ್ಮ ಅಮ್ಮನಿಗಾಗಿ ಅವರನ್ನು ಎಬ್ಬಿಸುವುದು ಬೇಡ ಎಂದರು. ಸ್ವಲ್ಪ ಯೋಚಿಸಿ, ಕಪ್ಪುಬಿಳುಪಿನ ಚಿತ್ರ ಬಣ್ಣದ ಲೆಕ್ಕದಲ್ಲಿ ಯಾಕೆ ಕೂತಿದೆ ಎಂದು ಕೇಳಿದರು. ಪರಿಹಾರ ಅಲ್ಲಿತ್ತು. ಬಣ್ಣ ಕಳಚಿದ ಮೇಲೆ ಚಿತ್ರ ಮೂರರಲ್ಲೊಂದು ಪಾಲಾಯಿತು. ಇನ್ನಷ್ಟು ಹಿಂಡಿದಾಗ ಒಂದು ಫ್ಲಾಪಿಯಲ್ಲಿ ಹಿಡಿಸಿತು.

ಆದರೆ ಹೇರ್ಳೆಯವರ ಶಾಸ್ತ್ರದಲ್ಲಿ ಉಳಿಸಿದ್ದು ಇನ್ನೊಂದು ಯಂತ್ರದಲ್ಲಿ ತೆರೆದ ಮೇಲಷ್ಟೇ ಉಳಿದದ್ದು. ಇನ್ನೊಂದು ಯಂತ್ರವಿದ್ದದ್ದು ನನ್ನ ಆಫೀಸಿನಲ್ಲಿ. ಅಲ್ಲಿಂದ ಖಾತ್ರಿಯಾಗುವವರೆಗೆ ಇಲ್ಲಿನದನ್ನು ಆರಿಸುವಂತಿಲ್ಲ. ಅವರು ಒಂದು ಸ್ಟೂಲು ಎಳೆದು, ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತರು. ಕ್ಯಾಶ್ ಕೌಂಟರ್ ಆ ದಿನ ಅನಾಥವಾಯಿತು.

ನಾನು ಆಟೋದಲ್ಲಿ ಹೊರಟೆ. ಅಸ್ಥಿ ಒಯ್ಯುವವನೂ ಅಷ್ಟು ಗಂಭೀರವಾಗಿ ಕೂತಿರಲಾರ. ಆಫೀಸಿನಲ್ಲಿ ಒಬ್ಬ ವಿಜ್ಞಾನಿಯನ್ನು ಎಬ್ಬಿಸಿ ಅವರ ಕಂಪ್ಯೂಟರಿನ ಮುಂದೆ ಕೂತು, ಅವರು ತೋರಿಸಿದ ಕಡೆ ಒತ್ತಿದೆ. ಚೌಕ ಬಂತು. ಓದದೆ ಓಕೆ ಒತ್ತಿಬಿಟ್ಟೆ. ಫೋನ್ ಮಾಡಿ, ತೆರೆಯುತ್ತಿಲ್ಲ ಹೇರ್ಳೆಯವರೆ, ಎಂದೆ.

ಆ ಕಡೆಯಿಂದ ಬಂದದ್ದು ಒಂದೇ ಮಾತು: “ಓದಿದ್ರಾ?”

ಮತ್ತೆ ಒತ್ತಿದೆ. ಈ ಸಲ ಕಡೇ ಸಾಲಿನವರೆಗೆ ಓದಿದೆ. ಡ್ರೈವಿನಲ್ಲಿ ಡಿಸ್ಕ್ ಇಲ್ಲ ಎಂದಿತ್ತು. ನಿಜವೇ. ಫ್ಲಾಪಿ ನನ್ನ ಅಂಗಿಯಲ್ಲಿತ್ತು.

“ಎಲ್ಲಿತ್ತ್?” ಎಂದು ಕೇಳಿದರು.

“ಕಿಸೆಯಲ್ಲಿ,” ಎಂದೆ.

ಅಂದ ಮೇಲೆ ಅಂದದ್ದು ಏನೆಂದು ನನಗೆ ಹೊಳೆಯಿತು. ಅಷ್ಟರಲ್ಲಿ ಅವರು ನಗುವುದು ಕೇಳಿಸಿತು. ಕೆಮ್ಮು ಬರುವವರೆಗೆ ನಗು. ಜಿತುಭಾಯಿ ಏನಾಯಿತೆಂದು ಗಾಬರಿಯಲ್ಲಿ ಕೇಳುತ್ತಿದ್ದ. ನಾನು ಫ್ಲಾಪಿಯನ್ನು ತೂರಿಸಿದೆ. ಅದು ಗುರುಗುಟ್ಟುತ್ತ, ಹಣೆಯಿಂದ ಕೆಳಗೆ ಒಂದೊಂದೇ ಗೆರೆಯಾಗಿ ಅಮ್ಮನನ್ನು ಇಳಿಸಿತು.

“ಕಾಂತಾ?”

“ಕಾಣುತ್ತೆ.”

“ಕಣ್ಣು ಎರಡೂ?”

“ಎರಡೂ.”

“ಮೂಗುತಿ?”

“ಒಂದೇ. ಬಲಕ್ಕೆ.”

ಸ್ಟೂಲು ಸರಿದ ಸದ್ದು ಕೇಳಿಸಿತು. ಆ ಫೋಟೋ ಹೋಟೆಲಿನ ಗೋಡೆ ಏರಲಿಲ್ಲ. ಅವರ ಕೋಣೆಯಲ್ಲಿತ್ತು, ಅಂಗಿ ನೇತುಹಾಕುವ ಮೊಳೆಯ ಪಕ್ಕದಲ್ಲಿ.

ದಶಕ ಮುಗಿಯುವ ಹೊತ್ತಿಗೆ ಹೇರ್ಳೆಯವರು ಮತ್ತೆ ಸೂರತ್ತಿಗೆ ಹೋದರು. ಅಕ್ಕನ ಮಗ ಅಲ್ಲಿ ಹೋಟೆಲಿಟ್ಟಿದ್ದ. ಹೊರಡುವ ದಿನ ಸ್ಟುಡಿಯೋಕ್ಕೆ ಹೋಗಿ, ಕಂಪ್ಯೂಟರಿನ ಮುಂದೆ ಕೈಕಟ್ಟಿ ಸ್ವಲ್ಪ ಹೊತ್ತು ನಿಂತರು. ಅಂದು ಅದು ಯಾವ ತಕರಾರನ್ನೂ ಹೇಳಲಿಲ್ಲ. ಜಿತುಭಾಯಿ ಮಾತ್ರ ಮೂಗು ಒರೆಸಿಕೊಳ್ಳುತ್ತಿದ್ದ.

ಆಮೇಲೆ ಕಾಗದಗಳು. ನಾನು ಕಲಿತ ಪಾಠದಂತೆ ಅವರ ಕಾಗದ ಒಡೆದ ಕೂಡಲೇ ಕಡೇ ಸಾಲಿಗೆ ಹಾರುತ್ತಿದ್ದೆ. ಇದು ಅವರಿಗೆ ಹೇಗೋ ಗೊತ್ತಾಗಿತ್ತು. ಒಂದು ಇನ್‌ಲ್ಯಾಂಡಿನ ಕೊನೆಯಲ್ಲಿ, ಅಂಟು ಹಚ್ಚುವ ಅಂಚಿನಲ್ಲಿ, ಬರೆದಿದ್ದರು: ‘ಈ ಸಾಲಿನಲ್ಲಿ ವಿಶೇಷವೇನೂ ಇಲ್ಲ. ಹೆದರದೆ ಮೇಲಿನಿಂದ ಓದಿಕೊಂಡು ಬರುವುದು.’ ಪಾಲಿಸಿದೆ. ಮೇಲೆ ಇತ್ತ ಎಲ್ಲರೂ ಕ್ಷೇಮ ಎಂದಿತ್ತು. ನಡುವೆ ಸೂರತ್ತಿನ ಸೆಖೆ, ಹೋಟೆಲಿನ ಹೊಸ ಗ್ರೈಂಡರು, ಕನ್ನಡಕದ ನಂಬರು ಏರಿದ್ದು. ಅದೇ ಕೊನೆಯ ಕಾಗದ.

ಮುಂದಿನ ಸುದ್ದಿ ಬಂದದ್ದು ಫೋನಿನಲ್ಲಿ. ಅಕ್ಕನ ಮಗ ಗುಜರಾತಿನಲ್ಲೇ ಹುಟ್ಟಿ ಬೆಳೆದವನು. ಅವನ ಕನ್ನಡಕ್ಕೆ ಕ್ಷೇಮದ ಸಾಲು ಗೊತ್ತಿರಲಿಲ್ಲ. ಮೊದಲ ಮಾತಿಗೇ, “ಅಂಕಲ್, ಮಾಮಾ ಹೋಗಿಬಿಟ್ರು,” ಎಂದ. ರಿಸೀವರ್ ಇಡಬೇಕೆನ್ನಿಸಿತು. ಇಡಲಿಲ್ಲ. ಯಾವಾಗ, ಹೇಗೆ, ಯಾವ ಆಸ್ಪತ್ರೆ, ಯಾರ್ಯಾರು ಬಂದಿದ್ದರು, ಎಲ್ಲವನ್ನೂ ಅವನು ಹಿಂದಿಯಲ್ಲೂ ಗುಜರಾತಿಯಲ್ಲೂ ಹುಡುಕಿ ಹುಡುಕಿ ಹೇಳಿದ. ನಾನು ಎದ್ದು ನಿಂತು, ಕಡೆ ತನಕ ಕೇಳಿದೆ.