ಸೀಟು ಎತ್ತರಿಸಿದರೂ ಕಾಣದ ರಸ್ತೆ

ಸೀಟನ್ನು ಪೂರ್ತಿ ಎತ್ತರಿಸಿದರೂ ಬಾನೆಟ್ಟಿನ ಆಚೆಯ ರಸ್ತೆ ನನಗೆ ಸರಿಯಾಗಿ ಕಾಣಲಿಲ್ಲ. ಶಿವಮೊಗ್ಗದಲ್ಲಿ ನಾವು ಆ ದಿನ ಓಡಿಸಿ ನೋಡಿದ ಎರಡನೆಯ ಎಸ್‌ಯುವಿ ಅದು. ಬೆಳಿಗ್ಗೆ ನೋಡಿದ್ದ ಕಾರಿನಲ್ಲಿ ಈ ತೊಂದರೆ ಇರಲಿಲ್ಲ. ಪೆಡಲ್ಲಿಗೂ ಕಾಲು ಸಲೀಸಾಗಿ ಎಟುಕಿತ್ತು. ರವೀಂದ್ರನಗರದ ಮನೆಯಿಂದ ಭದ್ರಾವತಿಯ ಶಾಲೆಗೆ ಪಾಠ ಮಾಡಲು ದಿನವೂ ಬಸ್ಸಿನಲ್ಲಿ ನಿಂತು ಹೋಗುವ ನನ್ನ ಪಾಡು ತಪ್ಪಲೆಂದೇ ಕಾರು ಕೊಳ್ಳಲು ಹೊರಟಿದ್ದೆವು.

"ರೀ, ನಂಗೆ ಬೆಳಿಗ್ಗೆ ನೋಡಿದ್ದೇ ಸರಿಹೋಗುತ್ತೆ" ಎಂದೆ.

ನನ್ನ ಗಂಡ ಸೇಲ್ಸ್‌ಮನ್ ಕಡೆ ನೋಡಿ ನಕ್ಕರು. "ಅದು ಡಬ್ಬಿ ಥರ ಇದೆ ಮಾರಾಯ್ತಿ. ನೆಂಟರ ಮನೆ ಮುಂದೆ ನಿಲ್ಸಿದ್ರೆ ಒಂದು ಗತ್ತು ಬೇಡ್ವಾ? ನೀನು ಪಕ್ಕದಲ್ಲಿ ಕೂತ್ಕೋ, ಸಾಕು."

ನಾನು ಇನ್ನೂ ಸ್ಟಿಯರಿಂಗ್ ಹಿಡಿದೇ ಕೂತಿದ್ದೆ. ಅವರು ಒಳಗೆ ಹೋಗಿ ಅದನ್ನೇ ಬುಕ್ ಮಾಡಿ ಬಂದರು.

ಆ ಕಾರು ಈಗ ಮದುವೆ, ಮುಂಜಿಗಳಿಗೆ ಹೊರಡುತ್ತದೆ. ನಾನು ಬಸ್ಸಿನಲ್ಲೇ ಶಾಲೆಗೆ ಹೋಗುತ್ತೇನೆ. ಅವರೊಬ್ಬರೇ ಹೋಗಿ ತಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಓಡಿಸುವವಳು ನೀನು, ನೀನೇ ಆರಿಸು ಎಂದು ಕರೆದುಕೊಂಡು ಹೋಗಿದ್ದರಲ್ಲ, ಅದನ್ನು ಮರೆಯಲಾಗುತ್ತಿಲ್ಲ.